ಠಾಣೆಯ ನಾಲ್ಕು ಮೆಟ್ಟಿಲು

ಹೋದ ಶ್ರಾವಣದ ಮೂರನೆಯ ಸೋಮವಾರ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಿಲ್ವಪತ್ರೆ ಇದ್ದ ನನ್ನನ್ನು ಪೊಲೀಸರು ಕುಡುಕನೆಂದು ಹಿಡಿದರು. ಶಿವಭಕ್ತರೇ, ಆ ದಿನ ನಡೆದದ್ದನ್ನು ನಿಮ್ಮ ಮುಂದೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನನ್ನ ಹೆಸರು ವೀರೇಶ. ಅಕ್ಕಿಆಲೂರಿನ ಹತ್ತಿರದ ಹಳ್ಳಿಯವನು, ರೈಸ್ ಮಿಲ್ಲಿನಲ್ಲಿ ಚೀಲಗಳಿಗೆ ಮಿಲ್ಲಿನ ಹೆಸರಿನ ಸಿಕ್ಕಾ ಹೊಡೆಯುತ್ತೇನೆ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ನಡಿಗೆ ಓಲಾಡುತ್ತದೆ, ನಾಲಿಗೆ ತೊಡರುತ್ತದೆ. ಹೆದರಿದರೆ ಬಲಗೈ ತಾನಾಗಿಯೇ ಎಗರುತ್ತದೆ. ಬುದ್ಧಿ ನೆಟ್ಟಗಿದೆ, ಸಿಟ್ಟು ಅದಕ್ಕಿಂತ ನೆಟ್ಟಗಿದೆ.

ಅವ್ವನ ಕಣ್ಣಿನ ಆಪರೇಷನ್ ಚಲೋ ಆದರೆ ಶ್ರಾವಣದ ನಾಲ್ಕು ಸೋಮವಾರ ತಿಳವಳ್ಳಿಯ ಈಶ್ವರನಿಗೆ ಹೋಗುವ ಹರಕೆ ಹೊತ್ತಿದ್ದೆ; ಚಲೋ ಆಯಿತು. ಬರಿಗಾಲು, ಮೈಮೇಲೆ ಚರ್ಮದ ವಸ್ತು ಇರಬಾರದು. ಚಪ್ಪಲಿ ಬಿಟ್ಟೆ, ಬೆಲ್ಟು ಬಿಟ್ಟೆ, ಚರ್ಮದ ಪಾಕೀಟನ್ನೂ ಮನೆಯಲ್ಲೇ ಬಿಟ್ಟೆ. ಅಂಗವಿಕಲರ ಕಾರ್ಡು ಆ ಪಾಕೀಟಿನಲ್ಲಿತ್ತು. ಮಡಿಯ ಭರದಲ್ಲಿ ಅದು ನೆನಪಾಗಲೇ ಇಲ್ಲ.

ಬಸ್ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಜೋಲಿ ತಪ್ಪಿ ಒಬ್ಬ ಹೆಣ್ಣುಮಗಳ ಮೇಲೆ ಬಿದ್ದೆ. ಆಕೆ ಚೀರಿದಳು. ಪೇದೆ ಬಂದ.

“ಮುಂಜಾನೆದ್ದ ಏರಿಸ್ಕೊಂಡ ಬಂದೀಯೇನಲೇ?”

“ಇಲ್ರೀ ಸಾಹೇಬ್ರ, ನಾ...” ಅಂದೆ. ಉಳಿದದ್ದು ಬಾಯಲ್ಲೇ ಗಂಟಾಯಿತು. ಆತ ರಟ್ಟೆ ಹಿಡಿದ ಕೂಡಲೇ ನನ್ನ ಕೈ ಎಗರಿ ಆತನ ಟೊಪ್ಪಿಗೆ ನೆಲಕ್ಕೆ ಬಿತ್ತು.

“ಪೊಲೀಸರ ಮ್ಯಾಲೆ ಕೈ ಮಾಡ್ತಿ?” ಕೆನ್ನೆಗೆ ಎರಡು ಬಿದ್ದವು.

ಯಾವ ಠಾಣೆಯೆಂದು ಬರೆಯುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಪೊಲೀಸರ ಮೇಲೆ ಹಲ್ಲೆ ಮಾಡಿದ ಕೇಸು ಹಾಕುತ್ತೇವೆ ಅಂದರು. ಕೇಸಾದರೆ ಮಿಲ್ಲಿನ ಕೆಲಸ ಹೋಗುತ್ತದೆ, ಅವ್ವನಿಗೆ ಇರುವವನು ನಾನೊಬ್ಬನೇ. ಹೇಳಲು ಹೋದಷ್ಟೂ ಮಾತು ತೊಡರಿತು. ಒಬ್ಬ ನನ್ನಂತೆಯೇ ಮಾತಾಡಿ ತೋರಿಸಿದ, ಉಳಿದವರು ನಕ್ಕರು. ನನಗೆ ಅಳು ಬಂತು. ಮನಸ್ಸಿನಲ್ಲೇ ದೇವರನ್ನು ಬೈದೆ: “ಹರಕಿ ತೀರಸಾಕ ಬಂದವಗ ಇದೇನಪಾ ನಿನ್ನ ಪ್ರಸಾದ? ನನ್ನ ಮಾತು ಮುಗಿಯೂತನಕ ಕೇಳವ್ರನ್ನ ಒಬ್ಬರನ್ನರ ಕಳಸು.”

ಹನ್ನೊಂದರ ಸುಮಾರಿಗೆ ಹೊರಗೆ ಹಾರ್ನ್ ಬಡಿದುಕೊಳ್ಳತೊಡಗಿತು. ನಿಲ್ಲಲೇ ಇಲ್ಲ. ಮೂರು ಗಾಲಿಯ ಸ್ಕೂಟರಿನ ಮೇಲೆ ಮಂಜುಳಕ್ಕ! ನಮ್ಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವವರು. ಪೋಲಿಯೊದಿಂದ ಅವರ ಎರಡೂ ಕಾಲಿಗೆ ಬಲವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಬಿಲ್ವಪತ್ರೆ ಮಾರುವ ಗಂಗವ್ವ ನನ್ನನ್ನು ಹಿಡಿದೊಯ್ದದ್ದು ಕಂಡು ನಮ್ಮೂರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಮುಟ್ಟಿಸಿದ್ದಳಂತೆ.

ಠಾಣೆಗೆ ನಾಲ್ಕು ಮೆಟ್ಟಿಲು. ಪೇದೆ “ಒಳಗ ಬಂದ ಮಾತಾಡ್ರಿ” ಅಂದ.

“ಈ ಪಾವಟಿಗಿ ಹತ್ತಾಕ ನನಗ ಆಗಂಗಿಲ್ರಿ. ಸಾಹೇಬ್ರನ್ನ ಹೊರಗ ಕರೀರಿ. ವೀರೇಶಪ್ಪನ್ನೂ ಕರಕೊಂಡ ಬರ್ರಿ.”

ಮತ್ತೆ ಹಾರ್ನ್. ಜನ ಕೂಡಿದರು. ಸಾಹೇಬರು ನನ್ನನ್ನೂ ಕರೆದುಕೊಂಡು ಹೊರಗೆ ಬರಲೇಬೇಕಾಯಿತು. ಅವ್ವನಿಂದ ಇಸಿದುಕೊಂಡು ಬಂದ ನನ್ನ ಕಾರ್ಡನ್ನು ಮಂಜುಳಕ್ಕ ಅವರ ಕೈಗಿಟ್ಟರು. “ಕುಡದಾನ ಅಂತ ಇನ್ನೂ ಸಂಶೇ ಇದ್ರ ದವಾಖಾನ್ಯಾಗ ತಪಾಸ ಮಾಡಸ್ರಿ. ನಾನೂ ಬರ್ತೇನಿ.”

ಸಾಹೇಬರು ಕಾರ್ಡು ನೋಡಿದರು, ನನ್ನ ಕೆನ್ನೆ ನೋಡಿದರು. “ಕಳಸ್ರಿ ಇವರನ್ನ” ಅಂದರು. ಪೇದೆ ಮಾತ್ರ “ಮೊದಲ ಹೇಳಬೇಕಿಲ್ಲೇನು?” ಅಂದ. ನಾನು ಬೆಳಗಿನಿಂದ ಹೇಳುತ್ತಲೇ ಇದ್ದೆ!

ಮನೆಗೇನೋ ಬಂದೆ. ಆದರೆ ಖಾಕಿ ಕಂಡರೆ ಕೈ ಎಗರುತ್ತಿತ್ತು. ನಾಲ್ಕನೆಯ ಸೋಮವಾರ ಮಂಜುಳಕ್ಕ ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಿಳವಳ್ಳಿಗೆ ಒಯ್ದರು. ಬೈದಿದ್ದಕ್ಕೆ ದೇವರ ಕ್ಷಮೆ ಕೇಳಿದೆ.

ಆಮೇಲೆ ಹಾನಗಲ್ಲಿನಲ್ಲಿ ಸೇರುವ ಅಂಗವಿಕಲರ ಸಭೆಗೂ ಕರೆದೊಯ್ದರು. ಶಿಗ್ಗಾಂವಿಯ ಒಬ್ಬ ಕಿವುಡ ಹುಡುಗ, ಪೊಲೀಸರು ಕೂಗಿದ್ದು ಕೇಳದೆ ನಡೆದು ಲಾಠಿಯ ಏಟು ತಿಂದದ್ದನ್ನು ಸನ್ನೆಯಲ್ಲಿ ಹೇಳಿದ. ನಂತರ ನನ್ನ ಸರದಿ. ಪೊಲೀಸರ ಮೇಲಧಿಕಾರಿಗಳಿಗೆ ಕೊಡುವ ದೂರಿಗಾಗಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಮುಗಿಸಲು ಮುಕ್ಕಾಲು ತಾಸು ಹಿಡಿಯಿತು. ಮಂಜುಳಕ್ಕ ಒಂದೊಂದೇ ಸಾಲು ಬರೆದುಕೊಂಡರು. ನನ್ನ ಬಾಯಿಂದ ಯಾರೂ ಮಾತು ಕಸಿದುಕೊಳ್ಳಲಿಲ್ಲ. ಠಾಣೆಯಲ್ಲಿ ನಾನು ಬೇಡಿದ್ದು ಕೇಳುವವರೊಬ್ಬರನ್ನು, ಈಶ್ವರ ಒಂದು ಕೋಣೆ ತುಂಬ ಕೊಟ್ಟಿದ್ದ. ಬಸ್ಸಿನ ಹೊತ್ತು ಮೀರುತ್ತಿದ್ದರೂ ಒಬ್ಬರೂ ಎದ್ದು ಹೋಗಲಿಲ್ಲ.