ಬಿಹೋಗೊಳ ತುಪ್ಪ

ಎಶಾಬ್ವೆ ಎಂಬ ತುಪ್ಪದ ಸಾರು ಕಲಸುವಾಗ ಮನೆಯಲ್ಲಿ ಯಾರೂ ಮಾತಾಡಬಾರದು. ಮಾತಾಡಿದರೆ ತುಪ್ಪ ಬಿಳುಪೇರುವುದಿಲ್ಲ. ನ್ಯಬುಶೋಜಿ ನಾಡಿನ ದನಗಾರರಲ್ಲಿ ಇದು ಹಿಂದಿನಿಂದ ನಡೆದುಬಂದದ್ದು. ಹಾಗಾಗಿ ಮದುವೆಯ ಹಿಂದಿನ ದಿನ ಕೊಬುಸಿಂಗ್ಯೆ ಮುದುಕಿ ತುಪ್ಪಕ್ಕೆ ಕಲ್ಲುಪ್ಪಿನ ನೀರು ಬೆರೆಸಿ ಮರದ ಸೌಟಿನಿಂದ ತಿರುವುತ್ತಿದ್ದಾಗ, ಮೊಮ್ಮಗಳು ಅಹೆಬ್ವ ಬಾಗಿಲ ಬಳಿ ತುಟಿ ಬಿಗಿದು ಕೂತಿದ್ದಳು. ಮದುವಣಗಿತ್ತಿ ಅವಳೇ.

ಹೆಣ್ಣು ಒಪ್ಪಿಸುವ ದಿನ ಗಂಡಿನ ಕಡೆಯ ಹಿರಿಯರು ಮೊದಲು ಬಾಯಿಗಿಡುವುದು ಈ ಬಿಳಿ ಸಾರನ್ನೇ. ಅದು ಕೆಟ್ಟರೆ ಹೆಣ್ಣಿನ ಮನೆಯ ಮರ್ಯಾದೆ ಹೋದಂತೆ. ಐವತ್ತು ವರ್ಷದಿಂದ ಸುತ್ತಲಿನ ಎಲ್ಲ ಮದುವೆಗೂ ಕೊಬುಸಿಂಗ್ಯೆಗೇ ಕರೆ ಬರುತ್ತಿತ್ತು. ಓದು ಬಾರದ, ಚಿಕ್ಕ ವಯಸ್ಸಿಗೇ ಗಂಡನನ್ನು ಮಣ್ಣು ಮಾಡಿದ ಆ ಹೆಂಗಸು ಸಂಪಾದಿಸಿದ್ದು ಅದೊಂದೇ ಹೆಸರು.

ಮಗ ಮುಗರುರನು ಉದ್ದ ಕೊಂಬಿನ ನಾಡಹಸುಗಳನ್ನು ಮಾರಿ ಸೀಮೆಹಸು ತಂದಾಗ ಜಗಳವೇ ಆಗಿತ್ತು.

"ಅವ್ವಾ, ನಿನ್ನ ಎಂಟು ಹಸು ಕೊಡೋ ಹಾಲು ಇದೊಂದೇ ಕೊಡುತ್ತೆ."

"ಕೊಡುತ್ತಪ್ಪಾ, ಬಾವಿನೂ ಎಷ್ಟು ಬೇಕಾದ್ರೂ ಕೊಡುತ್ತೆ. ಅದನ್ನ ಕಡೆದು ಬೆಣ್ಣೆ ತೆಗಿ ನೋಡೋಣ."

ಹಟ ಮಾಡಿ ಒಂದು ಕೆಂಪು ಹಸುವನ್ನು ಉಳಿಸಿಕೊಂಡಳು. ಅದರ ಹೆಸರು ಬಿಹೋಗೊ. ಮದುವೆ ಗೊತ್ತಾದ ಮೇಲೆ ನಾಲ್ಕು ತಿಂಗಳು ಅದರ ಹಾಲನ್ನಷ್ಟೇ ಹೊಗೆ ಹಿಡಿಸಿದ ಸೋರೆಬುರುಡೆಯಲ್ಲಿ ಕಡೆದಳು. ಸೀಮೆಹಸುವಿನ ಹಾಲಿನ ಒಂದು ಹನಿಯೂ ಬೆರೆಯದಂತೆ ಕಾದು ತುಪ್ಪ ಕೂಡಿಟ್ಟಳು. ಮಜ್ಜಿಗೆಯಲ್ಲಿ ಏನೋ ಮುಗ್ಗಲು ವಾಸನೆ ಇದ್ದದ್ದು ನಿಜ. ತನ್ನದೇ ಮುದಿ ನಾಲಿಗೆಯ ದೋಷವೆಂದು ಸುಮ್ಮನಾಗಿದ್ದಳು.

ಈಗ ಎಶಾಬ್ವೆ ಬಿಳುಪೇರಿತು. ಬೆರಳದ್ದಿ ನಾಲಿಗೆಗೆ ಇಟ್ಟಳು. ಕೈ ಅಲ್ಲೇ ನಿಂತಿತು. ಬೆಟ್ಟದ ಹುಲ್ಲಿನ ಘಮ ಇರಬೇಕಾದ ಕಡೆ ಹುಳಿತ ಗಸಿಯ ರುಚಿ.

"ಕೆಟ್ಟೋಯ್ತು" ಎಂದಳು.

"ಅಜ್ಜೀ! ಮಾತಾಡಿಬಿಟ್ಯಲ್ಲ!"

"ಮಾತಿಂದ ಕೆಟ್ಟಿದ್ದಲ್ಲ ಮಗಾ. ನಾನೇ ಕೆಡಿಸಿದ್ದು."

ಬಿಹೋಗೊಳ ಗೊರಸು ಒಡೆದಿತ್ತು. ಬೆಟ್ಟ ಹತ್ತಲಾರದೆ ಅದು ನರಳುವುದನ್ನು ನೋಡಲಾರದೆ ಅಂಗಳದಲ್ಲೇ ಕಟ್ಟಿ, ಸೀಮೆಹಸುಗಳಿಗೆ ತರಿಸುತ್ತಿದ್ದ ಬಿಯರ್ ಕಾರ್ಖಾನೆಯ ಗಸಿಯನ್ನೇ ತಿನ್ನಿಸಿದ್ದಳು. ಅದು ಆಸೆಯಿಂದ ತಿನ್ನುತ್ತಿತ್ತು. ತಳಿ ನಮ್ಮದೇ, ಇನ್ನೇನು ಭಯ ಎಂದುಕೊಂಡಿದ್ದಳು. ತಳಿಯ ಜೊತೆ ಬೆಟ್ಟವೂ ಬೇಕು ಎಂಬುದು ಹುಟ್ಟಾ ದನಗಾತಿಗೆ ಗೊತ್ತಿರಲಿಲ್ಲವೆಂದಲ್ಲ, ಮರುಕ ಮರೆಸಿತ್ತು.

ಬೇರೆ ದಾರಿ ಇರಲಿಲ್ಲ. ಸೆರಗು ಹೊದ್ದು ತಾನೇ ನೆರೆಯ ಕಟುಸಿಮೆಯ ಮನೆಗೆ ಹೋದಳು. ಅವಳ ದನಗಳು ಇನ್ನೂ ಬೆಟ್ಟದಲ್ಲೇ ಮೇಯುತ್ತಿದ್ದವು.

"ಏನಕ್ಕಾ, ದಾರಿ ತಪ್ಪಿ ಬಂದ್ಯಾ?" ಎಂದಳು ಕಟುಸಿಮೆ. "ನನ್ನ ತುಪ್ಪ ಮೈಗೆ ಹಚ್ಚೋಕಷ್ಟೇ ಲಾಯಕ್ಕು ಅಂತಿದ್ದೆಯಲ್ಲ."

"ಅಂದಿದ್ದೆ. ಈಗ ಕೇಳೋಕೆ ಬಂದಿದ್ದೀನಿ. ಹುಡುಗಿ ಮದುವೆ."

ಕಟುಸಿಮೆಯ ನಗು ಇಳಿಯಿತು. ಒಳಗಿನಿಂದ ತುಪ್ಪ ತುಂಬಿದ ಸೋರೆಬುರುಡೆ ತಂದು ಕೈಗಿಟ್ಟಳು. "ತಗೋ. ನಾನು ಯಾರಿಗೂ ಹೇಳಲ್ಲ."

ಮರುದಿನ ಗಂಡಿನ ಕಡೆಯ ಹಿರಿಯ ಎಶಾಬ್ವೆ ಸವಿದು ಕಣ್ಣು ಮುಚ್ಚಿದ. "ಅಮ್ಮಾ, ನಿಮ್ಮ ತುಪ್ಪದ ರುಚಿ ಬಗ್ಗೆ ಕೇಳಿದ್ದೆ. ಸುಳ್ಳಲ್ಲ."

ಹೆಂಗಸರ ಸಾಲಿನಲ್ಲಿ ಕಟುಸಿಮೆ ತಲೆ ತಗ್ಗಿಸಿ ತಿನ್ನುತ್ತಿದ್ದಳು. ಕೊಬುಸಿಂಗ್ಯೆ ಬಾಯಿ ತೆರೆದಳು. ಮುಸುಕಿನೊಳಗಿಂದ ಅಹೆಬ್ವ ತನ್ನನ್ನೇ ನೋಡುತ್ತಿರುವುದು ಕಂಡಿತು. "ಉಣ್ಣಿ ಅಪ್ಪಾ, ಇನ್ನೂ ಇದೆ" ಎಂದಷ್ಟೇ ಹೇಳಿದಳು.

ತಿಂಗಳು ಕಳೆದು ದೂರದ ಹಳ್ಳಿಯವರು ತಮ್ಮ ಮದುವೆಗೆ ಎಶಾಬ್ವೆ ಕಲಸಲು ಕರೆಯಬಂದರು. ಮುದುಕಿ ಅವರಿಗೆ ಹಾಲು ಕೊಟ್ಟು ಕೂರಿಸಿದಳು. ಕುಡಿದಾದ ಮೇಲೆ ಬೇಲಿಯವರೆಗೆ ಜೊತೆಗೆ ನಡೆದು ಕಟುಸಿಮೆಯ ಮನೆ ತೋರಿಸಿದಳು.