ಸೊರಬದ ಬಸ್ಸಿನಲ್ಲಿ ಬಂದ ಕರೆ

ಮಾನ್ಯರೇ,

ನನ್ನ ವಕ್ರಾಕ್ಷರವನ್ನೂ ಕಾಗುಣಿತದ ದೋಷಗಳನ್ನೂ ಮನ್ನಿಸಬೇಕಾಗಿ ಕೋರುತ್ತಾ ತಮ್ಮ ಅವಗಾಹನೆಗೆ ತರುವುದೇನೆಂದರೆ, ಕಳೆದ ಭಾನುವಾರ ಬೆಳಿಗ್ಗೆ ನಾನು ಶಿಕಾರಿಪುರದಿಂದ ಸೊರಬದ ಬಸ್ಸು ಹತ್ತಿ ಪರಾರಿಯಾಗುತ್ತಿದ್ದೆನು. ಜ್ವರ ಬಂದಿದ್ದ ನಮ್ಮ ಪಾದ್ರಿಗಳು ಅಂದಿನ ಆರಾಧನೆಯ ಪ್ರಸಂಗವನ್ನು, ಅಂದರೆ ದೇವರ ವಾಕ್ಯದ ಉಪದೇಶವನ್ನು, ನನಗೆ ವಹಿಸಿದ್ದರು. ದೇವರ ಕರೆ ಬಂದರೆ ಮಾಡುವೆನೆಂದು ಹೇಳಿ ನುಣುಚಿಕೊಂಡಿದ್ದೆನು.

ಪಕ್ಕದ ಸೀಟಿನಲ್ಲಿ ನಮ್ಮ ಚರ್ಚಿನ ಸಭೆಯ ಸಾರಮ್ಮಜ್ಜಿ!

"ಅಜ್ಜೀ, ಇವತ್ತು ಆರಾಧನೆಗೆ ಹೋಗಲಿಲ್ವಾ?"

"ನೀನು ಪ್ರಸಂಗ ಮಾಡ್ತೀಯಂತ ಗೊತ್ತಾತು. ಅದಕ್ಕೇ ಮಗಳ ಮನಿಗೆ ಹೊಂಟೆ. ನೀ ಎಲ್ಲಿಗಪ್ಪಾ?"

"ನಾನೂ ಅದಕ್ಕೇ, ಅಜ್ಜಿ."

ಅಜ್ಜಿ ಬಾಯ್ತುಂಬ ನಕ್ಕರು. "ದೇವ್ರು ಇಬ್ರನ್ನೂ ಒಂದೇ ಬಸ್ಸಿಗೆ ಹತ್ತಿಸಿದಾನೆ ಅಂದ್ರೆ ಇದೇ ಕರೆ ಕಣೋ. ಕಂಡಕ್ಟ್ರೇ, ನಿಲ್ಸ್ರೀ!"

ಕಂಡಕ್ಟರರು ಸೀಟಿ ಊದಿದರು; ಇಬ್ಬರೂ ಇಳಿದು ಚರ್ಚಿಗೆ ಮರಳಿದೆವು. ದೇವರ ಕರೆ ಕಂಡಕ್ಟರರ ಸೀಟಿಯಲ್ಲಿಯೂ ಬರುವುದೆಂದು ಅಂದು ಮನವರಿಕೆಯಾಯಿತು. ಪ್ರಸಂಗದಲ್ಲಿನ ತಪ್ಪುಗಳನ್ನು ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಯೇ ಸ್ಥಳದಲ್ಲಿ ತಿದ್ದಿರುತ್ತಾರೆ. ಈ ಪತ್ರದಲ್ಲಿನವುಗಳನ್ನು ತಾವು ತಿದ್ದಿಕೊಳ್ಳಬೇಕಾಗಿ ವಿನಂತಿ.