ಗುಂಜಿ ಹೊಲದಾಗಿನ ಅರ್ಧ ಬಾವಿ

ಖಾಸಬಾಗದಾಗ ಮಗಳ ಮನ್ಯಾಗ ಇರತೇನಿ. ಮನಿ ತುಂಬ ಮಂದಿ, ಆದರ ನನ್ನ ಜೋಡಿ ಮಾತಾಡಾಕ ಯಾರಿಗೂ ಪುರಸತ್ತಿಲ್ಲ. ಆಗಾಗ ರೈಲು ಹತ್ತಿ ಗುಂಜಿಗೆ ಹೋಗಿ ನಮ್ಮ ಹೊಲ ನೋಡಿ ಬರತೇನಿ.

ಅಲ್ಲೊಂದು ಅರ್ಧ ತೋಡಿದ ಬಾವಿ ಇತ್ತು. ನನ್ನ ಗಂಡ ಒಬ್ಬನ ತೋಡಿದ್ದು. ನೀರು ಹತ್ತೂದ್ರಾಗ ಜ್ವರ ಬಂದು ಸತ್ತ. ಅವನದೊಂದು ಫೋಟೋ ಸುದ್ದಾ ಇಲ್ಲ. ಗಟ್ಟಿ ಕೆಂಪು ಮಣ್ಣಿನ ಗ್ವಾಡಿ ಮ್ಯಾಲ ಅವನ ಗುದ್ದಲಿ ಏಟಿನ ಗುರುತು ಉಳದಿದ್ದುವು. ಮಳಿಗಾಲಕ್ಕ ತಗಡು ಹೊಚ್ಚತಿದ್ದೆ. ಆದರೂ ಆ ಗುರುತು ವರ್ಷ ವರ್ಷಾ ಒಂದೀಟು ಕರಗತಿದ್ದುವು.

ಹೋದ ಬ್ಯಾಸಗ್ಯಾಗ ಮಷೀನಿಗೆ ಹಾಕಿ ಮಣ್ಣಿನ ವಯಸ್ಸು ಹುಡುಕೋ ಮಂದಿ ಬಂದರು. ಒಬ್ಬ ಹುಡುಗಿ, ಒಬ್ಬ ಗಂಡಸು. ತೋಡಿದ್ದ ಬಾವಿ ಐತಿ, ಅದರಾಗಿನ ಮಣ್ಣು ಕೊಡ್ರಿ ಅಂದರು. "ಒಯ್ಯಿರಿ, ಮಣ್ಣಿಗೇನು ಬರ" ಅಂದೆ.

ಹುಡುಗಿ ಒಳಗಿಳಿದು ಗ್ವಾಡಿ ಮುಟ್ಟಿದಳು. "ಆಯಿ, ಈ ಮ್ಯಾಲಿಂದು ಒಂದು ಗೇಣು ಕೆರದು ತಗೀಬೇಕ್ರಿ. ಬೆಳಕು ಕಂಡ ಮಣ್ಣು ನಮಗ ಉಪಯೋಗಿಲ್ಲ."

"ಅದ ನನಗ ಉಪಯೋಗದ್ದು. ನನ್ನ ಗಂಡ ಕಡದಿದ್ದು" ಅಂದೆ. ಮನ್ಯಾಗ ಯಾರಿಗೂ ಈ ಮಾತು ಹೇಳಿದ್ದಿಲ್ಲ.

ಅಕಿ ಕೈ ಹಿಂದ ತಗೊಂಡಳು. "ಬ್ಯಾರೆ ಕಡೆ ತೋಡತೇವಿ ಬಿಡ್ರಿ."

"ಯಾರು, ನೀ ತೋಡತೀಯೇನು?" ಅಂದ ಬೆವರು ಒರಸ್ಕೋತ ನಿಂತಿದ್ದ ಗಂಡಸು.

ನಾ ಕೇಳಿದೆ, "ಅವ ಕಡದು ಎಷ್ಟು ದಿನ ಆತು ಅಂತ ನಿಮ್ಮ ಮಷೀನು ಹೇಳತೈತೇನು?"

"ಇಲ್ರೀ ಆಯಿ. ಬಿಸಲು ಬಿದ್ದಷ್ಟೂ ಮಣ್ಣು ಹಿಂದಿಂದೆಲ್ಲಾ ಮರೀತೈತಿ. ಹೂತು ಕತ್ತಲಾದ ಮ್ಯಾಲ ಅದರ ಲೆಕ್ಕ ಶುರು. ಒಳಗಿನ ಮಣ್ಣು ಸಾವಿರಾರು ವರ್ಷದಿಂದ ಕತ್ತಲಾಗ ಐತ್ರಿ."

ಬಾವಿ ಸುತ್ತ ನಡದು ನಾಕೂ ಗ್ವಾಡಿ ನೋಡಿದೆ. ಆಮ್ಯಾಲ ಮೂಡಲ ಗ್ವಾಡಿ ತೋರಿಸಿ, "ಇದೊಂದು ತಗೋರಿ, ಉಳದದ್ದು ಮುಟ್ಟಬ್ಯಾಡ್ರಿ" ಅಂದೆ. ಅಕಿ ಕೈಯಾಗಿನ ಕುರಪಿ ಇಸಕೊಂಡು ಮೊದಲ ನಾನ ಕೆರದೆ. ಪರರ ಕೈಲೆ ಯಾಕ? ಆಮ್ಯಾಲ ಅವರು ಕರೇ ತಾಡಪತ್ರಿ ಹೊಚ್ಚಿಕೊಂಡು ಕಬ್ಬಣದ ಕೊಳವಿ ಬಡದು ಮಣ್ಣು ತಗದು, ಬೆಳಕು ಸೋಕದಂಗ ಎರಡೂ ಬಾಯಿ ಮುಚ್ಚಿ ಒಯ್ದರು.

ಮಳಿ ಬರೂಕಿಂತ ಮೊದಲ ಆಳು ಹಚ್ಚಿ ಬಾವಿ ಮುಚ್ಚಿಸಿಬಿಟ್ಟೆ. ಯಾಕ ಅಂತ ಮಗಳು ಕೇಳಿದಳು. "ದನ ಬೀಳತಾವ" ಅಂದೆ. ಮಳಿ ತೊಳಿಯೂಕಿಂತ ಅವನ ಏಟು ಕತ್ತಲಾಗಿರೂದು ಚಲೋ ಅನಿಸ್ತು, ಅಷ್ಟ.

ಈಗ ಹೊಲಕ್ಕ ಹೋದರ ನೋಡಾಕ ಏನಿಲ್ಲ. ಮಣ್ಣು ಇನ್ನೂ ಕುಂತಿಲ್ಲ, ತುಳಿದರ ಕಾಲು ಹುಗೀತಾವ. ಬಾಜೂಕ ಕುಂತು ರೊಟ್ಟಿ ತಿಂದು ಸಂಜಿ ರೈಲಿಗೆ ವಾಪಸ್ ಬರತೇನಿ.